ಐರ್ಲೆಂಡಿಗೆ ದಾರಿ, ವಯಾ ಬೆಳಗಾವಿ

ಡೇವಿಡ್ ಲೀನ್ ಸಾಹೇಬರು ನಮ್ಮ ರಾಮನಗರಕ್ಕೆ ಬಂದು ಹೋದ ಕಥೆ ಹಳೇ ಚಿತ್ರರಸಿಕರಿಗೆ ಗೊತ್ತೇ ಇದೆ. 1983ರ ಕೊನೆಗೆ ಬೆಂಗಳೂರಿಗೆ ಬಂದಿಳಿದರು. ಅರಮನೆಯ ಆವರಣದಲ್ಲಿ ಒಂದು ಪೇಟೆಯನ್ನೇ ಎಬ್ಬಿಸಿದರು. ಸಾವನದುರ್ಗದ ಬಂಡೆಗೆ ಗುಹೆಯ ಬಾಯಿ ಕೊರೆಸಿದರು. ಗಬ್ಬರ್ ಸಿಂಗ್ ಜಾಗ ಖಾಲಿ ಮಾಡಿದ ಮೇಲೆ ಆ ಕಡೆಯ ಬೆಟ್ಟಗಳಿಗೆ ಬಂದ ದೊಡ್ಡ ನೆಂಟ ಅಂದರೆ ಇವರೇ. ಆ ಚಿತ್ರ 'ಎ ಪ್ಯಾಸೇಜ್ ಟು ಇಂಡಿಯಾ' 1984ರಲ್ಲಿ ತೆರೆ ಕಂಡು ಎರಡು ಆಸ್ಕರ್ ಹೊಡೆಯಿತು.

ಅದಕ್ಕೆ ಮುಂಚೆ 14 ವರ್ಷ ಈ ಮನುಷ್ಯ ಒಂದೂ ಕಥಾಚಿತ್ರ ತೆಗೆಯದೆ ಕೂತಿದ್ದರಲ್ಲ, ಅದು ಯಾಕೆ ಅಂತ ಕೇಳಿದ್ದೀರಾ? ಕಾರಣ ಐರ್ಲೆಂಡ್! 1970ರಲ್ಲಿ ಬಂದ 'ರಯಾನ್ಸ್ ಡಾಟರ್'. ಐರ್ಲೆಂಡಿನ ಪಶ್ಚಿಮದ ತುದಿಯಲ್ಲಿ, ಡಿಂಗಲ್ ಎಂಬ ಕಡಲೂರಿನ ಆಚೆ ಬೆಟ್ಟದ ಮೇಲೆ, ಚಿತ್ರಕ್ಕಾಗಿ ಕಲ್ಲಿನ ಹಳ್ಳಿಯೊಂದನ್ನು ಕಟ್ಟಿದರು. ರಟ್ಟಿನ ಸೆಟ್ಟಲ್ಲ ಸ್ವಾಮಿ, ನಿಜವಾದ ಕಲ್ಲು. ಬಿರುಗಾಳಿಯ ದೃಶ್ಯ ಬೇಕೆಂದು ನಿಜವಾದ ಬಿರುಗಾಳಿಗೇ ತಿಂಗಳುಗಟ್ಟಲೆ ಕಾದರು. ಬಿಸಿಲು ಬೇಕಾದಾಗ ಐರ್ಲೆಂಡಿನಲ್ಲಿ ಬಿಸಿಲೇ ಸಿಗದೆ, ಸಮುದ್ರತೀರದ ಕೆಲವು ದೃಶ್ಯಗಳಿಗೆ ದಕ್ಷಿಣ ಆಫ್ರಿಕಾಕ್ಕೆ ಓಡಿದರು. ಇಷ್ಟೆಲ್ಲ ಮಾಡಿದ ಚಿತ್ರವನ್ನು ವಿಮರ್ಶಕರು ಹಿಡಿದು ಹಿಂಡಿದರು. ಸಾಹೇಬರು ಮನಸ್ಸು ಮುರಿದು ಕೂತರು. ಮತ್ತೆ ಎದ್ದಿದ್ದು ನಮ್ಮ ಬೆಂಗಳೂರಿನಲ್ಲಿ!

ಆ ಡಿಂಗಲ್ಲನ್ನು ನಾನು 2025ರ ಅಕ್ಟೋಬರ್‌ನಲ್ಲಿ ಕಣ್ಣಾರೆ ನೋಡಿ ಬಂದೆ.

ಬೆಳ್ಳಂದೂರಿನ ಬಾಡಿಗೆ ರೂಮಿನಲ್ಲಿದ್ದುಕೊಂಡು, ಪಿಯುಸಿ ಅರ್ಧಕ್ಕೇ ಬಿಟ್ಟು, ಪುಟಕ್ಕಿಷ್ಟು ಅಂತ ಬರೆದು ಬದುಕುವವನಿಗೆ ಟಿಕೆಟ್ ಯಾರು ಕೊಡಿಸಿದರು ಅಂತೀರಾ? ದೊಡ್ಡಮ್ಮ. ನಮ್ಮ ದೊಡ್ಡಮ್ಮನ ಮನೆ ಬೆಳ್ಳಂದೂರಿನ ಹಳೇ ಊರೊಳಗಿದೆ. ಕೆರೆ ನೊರೆ ಕಕ್ಕಿ ಬೆಂಕಿ ಹತ್ತಿಕೊಂಡು ದೇಶಕ್ಕೆಲ್ಲ ಸುದ್ದಿಯಾಯಿತಲ್ಲ, ಅದೇ ಕೆರೆಯ ವಾಸನೆ ಬಡಿಯುವ ಬೀದಿ. ಕೆಳಗೆ ಅವರು, ಮೇಲೆ ಮೂರು ಮಹಡಿ ಪೀಜಿ. ಒಬ್ಬಳೇ ಮಗಳು, ನನಗೆ ಅಕ್ಕ. ಭಾವನ ಜೊತೆ ಇರುವುದು ಐರ್ಲೆಂಡಿನ ಗಾಲ್ವೇ ಪಟ್ಟಣದಲ್ಲಿ. ಅಲ್ಲಿ ಹೃದಯಕ್ಕೆ ಹಾಕುವ ಸ್ಟೆಂಟು, ಅದೂ ಇದೂ ಮಾಡುವ ಕಾರ್ಖಾನೆಗಳು ಬಹಳ. ಭಾವನ ಕೆಲಸ ಅಂಥದ್ದೊಂದರಲ್ಲಿ.

ಅಕ್ಕ ಬಸುರಿ ಅಂತ ತಿಳಿದ ದಿನ ಕೇರಿಗೆಲ್ಲ ಸಕ್ಕರೆ ಹಂಚಿದ ದೊಡ್ಡಮ್ಮ, ಹೆರಿಗೆ ಅಲ್ಲೇ ಅಂತ ತಿಳಿದ ದಿನ ಊಟ ಬಿಟ್ಟರು.

"ಅಲ್ಲಾ ಕಣೋ, ಬೆಳಗಾವಿ ಹುಡುಗಿ ಪ್ರಾಣ ಹೋಗಿದ್ದು ಅದೇ ಊರಲ್ಲಿ ತಾನೆ? ಅದೇ ಆಸ್ಪತ್ರೆ ತಾನೆ? ಅವಳಿಗೂ ಮೂವತ್ತೊಂದು, ಇವಳಿಗೂ ಮೂವತ್ತೊಂದು!"

ಮರೆತವರಿಗೆ ನೆನಪಿಸುತ್ತೇನೆ. 2012ರ ಆಗಸ್ಟ್ 15ಕ್ಕೆ 'ಏಕ್ ಥಾ ಟೈಗರ್' ಬಂತು. ಸಲ್ಮಾನ್ ಖಾನ್ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓಡಾಡಿದ್ದನ್ನು ನೋಡಿ ನಾವು ಹೈಸ್ಕೂಲ್ ಹುಡುಗರು ಮಾರತ್ತಹಳ್ಳಿಯಲ್ಲಿ ಶಿಳ್ಳೆ ಹೊಡೆದೆವು. ನಮ್ಮ ಪಾಲಿಗೆ ಐರ್ಲೆಂಡ್ ಅಂದರೆ ಅಷ್ಟೇ, ಕತ್ರಿನಾ ಹಿಂದಿನ ಹಸಿರು ಪರದೆ. ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ, ಅಕ್ಟೋಬರ್ 28ಕ್ಕೆ, ಬೆಳಗಾವಿಯ ಸವಿತಾ ಹಾಲಪ್ಪನವರ್ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡರು. ದಂತವೈದ್ಯೆ. 17 ವಾರದ ಬಸುರಿ. ಗರ್ಭ ಉಳಿಯುವುದಿಲ್ಲ ಅಂತ ವೈದ್ಯರಿಗೇ ಗೊತ್ತಿತ್ತು. ತೆಗೆದುಬಿಡಿ ಅಂತ ಗಂಡ ಹೆಂಡತಿ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಒಪ್ಪುವುದಿಲ್ಲ ಎಂದರು. ಇದು ಕ್ಯಾಥೊಲಿಕ್ ದೇಶ ಅಂತ ಸಿಬ್ಬಂದಿಯೊಬ್ಬರು ಹೇಳಿದ್ದು ಮುಂದೆ ವಿಚಾರಣೆಯಲ್ಲೂ ಹೊರಬಂತು. ಅಷ್ಟರಲ್ಲಿ ರಕ್ತಕ್ಕೆ ನಂಜೇರಿತ್ತು. ಗಾಲ್ವೇಯ ಸೇಂಟ್ ಪ್ಯಾಟ್ರಿಕ್ ಹಬ್ಬದ ಮೆರವಣಿಗೆಯಲ್ಲಿ ಕುಣಿದಿದ್ದ ಹೆಣ್ಣುಮಗಳು ಒಂದೇ ವಾರದಲ್ಲಿ ಹೋದಳು.

ದೊಡ್ಡಮ್ಮನ ಸಂಕಟ ಅದು. ಅಕ್ಕನೇನು ಸುಮ್ಮನಿದ್ದಾಳೆಯೆ? ಫೋನಿನಲ್ಲೇ ತಿರುಗಿಸಿ ಕೇಳಿದಳು. "2024ರ ನವೆಂಬರ್‌ನಲ್ಲಿ ಬಳ್ಳಾರೀಲಿ ಏನಾಯ್ತಮ್ಮ? ಬಾಣಂತಿಯರು ಸಾಲಾಗಿ ಸಾಯ್ಲಿಲ್ವಾ? ಅದು ನಮ್ಮೂರೇ ಅಲ್ವಾ?" ಇಬ್ಬರೂ ಅತ್ತರು. ಕಡೆಗೆ ರಾಜಿ ಆಗಿದ್ದು ನನ್ನ ತಲೆಯ ಮೇಲೆ. ದೊಡ್ಡಮ್ಮನಿಗೆ ಮಂಡಿನೋವು, ಪಾಸ್‌ಪೋರ್ಟೂ ಇಲ್ಲ. "ನೀನು ಹೋಗಿ ಆ ಜನ ಎಂಥವ್ರು ಅಂತ ನೋಡ್ಕೊಂಡು ಬಾ. ನೀನು ಬರೆಯೋನು, ನಿಂಗೆ ಗೊತ್ತಾಗುತ್ತೆ." ಪತ್ರಕರ್ತನಿಗೆ ನಮ್ಮ ಮನೆಯಲ್ಲಿ ಸಿಕ್ಕ ಮೊದಲ ಮರ್ಯಾದೆ ಇದು!

ಹುರಿಹಿಟ್ಟು, ಕೊಬ್ಬರಿ, ಅಂಟು, ಒಣಶುಂಠಿ... ಇಪ್ಪತ್ತು ಕೆಜಿ ಕಟ್ಟಿದರು. ಐದು ಲೀಟರ್ ತುಪ್ಪ ಮಾತ್ರ ಉಳಿಯಿತು. ಯೂರೋಪಿಗೆ ಹೊರಗಿನಿಂದ ಬರುವವರು ಹಾಲು, ತುಪ್ಪ, ಮಾಂಸದ ಪದಾರ್ಥ ತರುವಂತಿಲ್ಲ. "ತುಪ್ಪ ಬೇಡ ಅನ್ನೋ ದೇಶ ಅದೆಂಥದ್ದೋ!" ಅಂತ ದೊಡ್ಡಮ್ಮ ನನ್ನನ್ನೇ ಬೈದರು.

ದೋಹಾದಲ್ಲಿ ವಿಮಾನ ಬದಲಿಸಿ ಡಬ್ಲಿನ್ನಿಗೆ ಇಳಿದೆ. ಅಲ್ಲಿಂದ ಗಾಲ್ವೇಗೆ ಬಸ್ಸಿನಲ್ಲಿ ಎರಡೂವರೆ ಗಂಟೆ. ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ವರ್ಷದ ಜುಲೈ, ಆಗಸ್ಟಿನಲ್ಲಿ ಡಬ್ಲಿನ್ನಿನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾಗಿದ್ದವು. ಎಚ್ಚರದಿಂದಿರಿ ಅಂತ ನಮ್ಮ ರಾಯಭಾರ ಕಚೇರಿಯೇ ಹೇಳಿಕೆ ಕೊಟ್ಟಿತ್ತು. ಹಾಗಾಗಿ ನಾನೂ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಬಸ್ ಹತ್ತಿದೆ. ಇಳಿಯುವಾಗ ನೋಡುತ್ತೇನೆ, ಒಬ್ಬೊಬ್ಬ ಪ್ರಯಾಣಿಕನೂ ಡ್ರೈವರ್ ಮುಖ ನೋಡಿ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದಾನೆ! ಮುದುಕರು, ಶಾಲೆ ಮಕ್ಕಳು, ಕುಡಿದವನೂ ಕೂಡ. ಸಿಲ್ಕ್ ಬೋರ್ಡಿನಲ್ಲಿ ನಾನು ಯಾರಿಗಾದರೂ ಥ್ಯಾಂಕ್ಸ್ ಹೇಳಿದರೆ, ಹಿಂದಿನವನು ನನ್ನನ್ನು ತಳ್ಳಿಕೊಂಡೇ ಇಳಿಯುತ್ತಾನೆ.

ಅವರ ಸ್ವಾಗತದ ಮಾತೊಂದಿದೆ. ಐರಿಷ್ ಭಾಷೆಯದು, ಬಾಗಿಲು ಬಾಗಿಲಿಗೂ ಬರೆದಿರುತ್ತದೆ: ಕೇಡ್ ಮೀಲೆ ಫಾಲ್ಚೆ. ಮೊದಲು ಕೇಳಿದಾಗ ಬೆಚ್ಚಿಬಿದ್ದೆ. ಬಂದವನಿಗೆ ಕೇಡು ಬಯಸುತ್ತಾರಲ್ಲಪ್ಪ ಅಂತ! ಕೇಡ್ ಅಂದರೆ ನೂರು, ಮೀಲೆ ಅಂದರೆ ಸಾವಿರ, ಫಾಲ್ಚೆ ಅಂದರೆ ಸ್ವಾಗತ. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಸ್ವಾಗತ. ಹಿಂದಿನ ಕಾಲದಲ್ಲಿ ಅವರ ಬ್ರೆಹನ್ ಕಾನೂನಿನ ಪ್ರಕಾರ ಅತಿಥಿಗೆ ಅನ್ನ ಇಲ್ಲವೆನ್ನುವುದೇ ಅಪರಾಧವಾಗಿತ್ತಂತೆ. ಬಂದವರಿಗೆಲ್ಲ ಊಟ ಹಾಕುವುದಕ್ಕೆಂದೇ ಊರಿನಲ್ಲಿ ಸ್ಥಿತಿವಂತನೊಬ್ಬನಿಗೆ ಪದವಿ ಇತ್ತು.

ಗಾಲ್ವೇಯಲ್ಲಿ ಅಕ್ಕ ಚೆನ್ನಾಗಿದ್ದಳು. ಆರು ತಿಂಗಳು ತುಂಬಿತ್ತು, ಕೆನ್ನೆ ಕೆಂಪಾಗಿತ್ತು. ನನ್ನನ್ನು ನೋಡಿ ಅತ್ತು, ಹುರಿಹಿಟ್ಟಿನ ಮೂಟೆ ನೋಡಿ ನಕ್ಕು, ಮೂರನೇ ದಿನಕ್ಕೇ ಗದರಿದಳು. "ನನ್ನ ಮುಖ ನೋಡ್ಕೊಂಡು ಕೂತ್ಕೋಬೇಡ್ವೋ. ಅದೇನೋ ಸಿನಿಮಾ ಊರು ಅಂತಿದ್ಯಲ್ಲ, ಹೋಗಿ ಬಾ."

ಹೊರಟೆ. ಗಾಲ್ವೇಯಿಂದ ಲಿಮರಿಕ್, ಅಲ್ಲಿಂದ ಟ್ರಲೀ, ಅಲ್ಲಿಂದ ಡಿಂಗಲ್. ಮೂರು ಬಸ್ಸು, ಇಡೀ ಹಗಲು. ದಾರಿಯುದ್ದಕ್ಕೂ ಹಸಿರು. ನಮ್ಮ ಮಲೆನಾಡಿನ ಕಪ್ಪು ಹಸಿರಲ್ಲ, ತೊಳೆದು ಹಿಂಡಿ ಹರವಿದಂಥ ಎಳೆ ಹಸಿರು. ಗದ್ದೆಬದುವಿನ ಬದಲು ಗಾರೆ ಇಲ್ಲದ ಒಣಕಲ್ಲಿನ ಗೋಡೆಗಳು. ಮಳೆ ಬರುತ್ತೆ, ನಿಲ್ಲುತ್ತೆ, ಬಿಸಿಲು ಕಣ್ಣು ಹೊಡೆಯುತ್ತೆ, ಮತ್ತೆ ಮಳೆ. ಲೀನ್ ಸಾಹೇಬರು ಯಾಕೆ ಆಫ್ರಿಕಾಕ್ಕೆ ಓಡಿದರೆಂದು ಒಂದೇ ಗಂಟೆಯಲ್ಲಿ ಅರ್ಥವಾಯಿತು.

ಡಿಂಗಲ್ ಹತ್ತಿರವಾದಂತೆ ದಾರಿಬದಿಯ ಬೋರ್ಡುಗಳಲ್ಲಿ ಇಂಗ್ಲಿಷ್ ಮಾಯ! ಅದು ಐರಿಷ್ ಮಾತಾಡುವ ಸೀಮೆ. ಸಂವಿಧಾನದಲ್ಲಿ ಐರಿಷ್ ಮೊದಲ ಅಧಿಕೃತ ಭಾಷೆ. ಆದರೆ 2022ರ ಗಣತಿಯಲ್ಲಿ, ಶಾಲೆಯ ಹೊರಗೆ ದಿನವೂ ಅದನ್ನು ಆಡುತ್ತೇವೆ ಎಂದವರು 51 ಲಕ್ಷ ಜನರ ದೇಶದಲ್ಲಿ ಸುಮಾರು 72 ಸಾವಿರ ಮಾತ್ರ. 2005ರಲ್ಲಿ ಸರ್ಕಾರ ಊರಿನ ಹೆಸರಿನಿಂದ 'ಡಿಂಗಲ್' ತೆಗೆದು ಐರಿಷ್ ಹೆಸರೊಂದನ್ನೇ ಉಳಿಸಿತು. ಊರಿನವರೇ ತಿರುಗಿಬಿದ್ದರು. ಪ್ರವಾಸಿಗಳು ಬರುವುದೇ ಡಿಂಗಲ್ ಅಂತ ಕೇಳಿಕೊಂಡು, ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಅಂದರು. 2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಹೋಗಿ ಬೆಂಗಳೂರು, ಬೆಲ್ಗಾಂ ಹೋಗಿ ಬೆಳಗಾವಿ ಆದಾಗ ನಾವು ಪಟಾಕಿ ಹೊಡೆದವರು. ಆ ಗಲಾಟೆ ನನಗೆ ಪೂರ್ತಿ ಹಿಡಿಸಲಿಲ್ಲ. ಇರಲಿ, ಅವರ ಊರು, ಅವರ ಹೊಟ್ಟೆ.

ನಾನು ಉಳಿದದ್ದು ಒಂದು ಮನೆಯಲ್ಲಿ. ರಾತ್ರಿಗೆ ಹಾಸಿಗೆ, ಬೆಳಿಗ್ಗೆಗೆ ತಿಂಡಿ, ಅಂಥ ಮನೆಗಳು ಅಲ್ಲಿ ಬೀದಿಗೆ ಹತ್ತು. ಮನೆಯೊಡತಿಗೆ ಎಪ್ಪತ್ತು ದಾಟಿತ್ತು. ಬಾಗಿಲಲ್ಲೇ ಟೀ ಬೇಕೆ ಅಂತ ಕೇಳಿದರು. ನಾನು ಬೇಡ ಅಂದೆ. ಮತ್ತೆ ಕೇಳಿದರು, ಬೇಡ ಅಂದೆ. ಮೂರನೇ ಸಲ ಕೇಳುವಾಗ ಕೆಟಲ್ ಒಲೆ ಮೇಲಿತ್ತು! ಥೇಟ್ ನಮ್ಮ ಕಡೆಯದೇ ಆಟ. ಮೊದಲ ಮಾತಿಗೇ ಹೂಂ ಅಂದರೆ ನಾವು ಹೊಟ್ಟೆಬಾಕರು, ಮೂರನೇ ಸಲ ಕೇಳದಿದ್ದರೆ ಅವರು ಜಿಪುಣರು. ಸಾವಿರಾರು ಮೈಲಿ ಹಾರಿ ಬಂದದ್ದು ಪಕ್ಕದ ಮನೆಗೇನೋ ಅನ್ನಿಸಿಬಿಟ್ಟಿತು.

ನನ್ನ ಇಂಗ್ಲಿಷ್ ಪಿಯುಸಿಗೇ ನಿಂತದ್ದು, ಆಕೆಯದು ಕೆರ್ರಿ ಜಿಲ್ಲೆಯ ಹಾಡುಹಾಡಾದ ಇಂಗ್ಲಿಷು. ಆದರೂ ಸಿನಿಮಾ ವಿಷಯ ಬಂದ ಕೂಡಲೇ ಇಬ್ಬರಿಗೂ ಎಲ್ಲ ಅರ್ಥವಾಗತೊಡಗಿತು. ಆ ಶೂಟಿಂಗಿನ ಕಾಲಕ್ಕೆ ಆಕೆ ಶಾಲೆ ಹುಡುಗಿ. ಆಕೆಯ ಅಪ್ಪ ಆ ಕಲ್ಲಿನ ಹಳ್ಳಿ ಕಟ್ಟಲು ಹೋಗಿದ್ದರಂತೆ. ಮೀನು, ಆಲೂಗಡ್ಡೆ ಬಿಟ್ಟರೆ ದುಡಿಮೆ ಇಲ್ಲದ ಊರಿಗೆ ವಾರ ವಾರ ಸಂಬಳ ಬಂತು. ಮುಂದೆ ಚಿತ್ರ ನೋಡಿದ ಜನ ಊರು ನೋಡಲು ಬಂದರು, ಬರುತ್ತಲೇ ಇದ್ದಾರೆ.

ಮಾರನೇ ದಿನ ಸ್ಲೇ ಹೆಡ್ ಎಂಬ ಕಡಿದಾದ ದಾರಿ ಹಿಡಿದು ಡನ್‌ಕ್ವಿನ್ನಿಗೆ ಹೋದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಅಟ್ಲಾಂಟಿಕ್ ಸಾಗರ. ಎದುರಿಗೆ ಬ್ಲಾಸ್ಕೆಟ್ ದ್ವೀಪಗಳು ಮಲಗಿದ ಎಮ್ಮೆಗಳಂತೆ. ದೊಡ್ಡ ದ್ವೀಪದಲ್ಲಿದ್ದ ಕಡೆಯ ಕೆಲವು ಕುಟುಂಬಗಳನ್ನೂ 1953ರಲ್ಲಿ ಸರ್ಕಾರ ಈಚೆ ತಂದಿತು. ಲೀನ್ ಕಟ್ಟಿದ ಹಳ್ಳಿ ಈಗಿಲ್ಲ. ಚಿತ್ರೀಕರಣ ಮುಗಿದ ಮೇಲೆ ಕೆಡವಿಬಿಟ್ಟರು. ಮಾಸ್ತರರ ಶಾಲೆಯ ಕಟ್ಟಡ ಒಂದು ಮಾತ್ರ ಮಾಡಿಲ್ಲದೆ ಕಡಲಂಚಿನಲ್ಲಿ ನಿಂತಿದೆ. ರಾಬರ್ಟ್ ಮಿಚಮ್ ಅದರೊಳಗೆ ಮಾಸ್ತರನಾಗಿ ತೂಗಿ ತೂಗಿ ಮಾತಾಡಿದ್ದ.

ಕಥೆ ಗೊತ್ತಲ್ಲ? ಹಳ್ಳಿ ಹುಡುಗಿ ಮಾಸ್ತರರನ್ನು ಮದುವೆಯಾಗಿ, ಬ್ರಿಟಿಷ್ ಅಧಿಕಾರಿಗೆ ಮನಸ್ಸು ಕೊಡುತ್ತಾಳೆ. ಊರಿಗೆ ಊರೇ ನುಗ್ಗಿ ಅವಳ ಬಟ್ಟೆ ಹರಿದು, ತಲೆಗೂದಲು ಕತ್ತರಿಸುತ್ತದೆ. ಬಿರುಗಾಳಿಯಲ್ಲಿ ಒಬ್ಬರಿಗೊಬ್ಬರು ಹಗ್ಗ ಹಿಡಿದು ಸಮುದ್ರಕ್ಕಿಳಿದ ಅದೇ ಜನ! ವಿಮರ್ಶಕರು ಏನಾದರೂ ಹೇಳಲಿ, ನನಗಂತೂ ಲೀನ್ ಆ ಜನರನ್ನು ಸರಿಯಾಗಿಯೇ ನೋಡಿದ್ದರು ಅನ್ನಿಸುತ್ತದೆ. ಹೀಗೆ ಅಂದುಕೊಂಡೇ ರಾತ್ರಿ ಊಟಕ್ಕೆ ಕೂತೆ.

ಆಕೆ ಸೂಪು ಬಡಿಸುತ್ತಾ ನನ್ನ ಊರು ಕೇಳಿದರು. ಬೆಂಗಳೂರು ಅಂದೆ, ಕರ್ನಾಟಕ ಅಂದೆ. ಸೌಟು ನಿಂತಿತು.

"ಸವಿತಾ ಊರಿಗೆ ಎಷ್ಟು ದೂರ?"

ಆ ಹೆಸರನ್ನು ಅವರು ನಮಗಿಂತ ಚೆನ್ನಾಗಿ ಉಚ್ಚರಿಸಿದರು. ಐನೂರು ಕಿಲೋಮೀಟರ್ ಅಂದೆ. ನೆಂಟರೇ ಅಂತ ಕೇಳಿದರು. ಅಲ್ಲ ಅಂದೆ, ಆದರೆ ನನ್ನ ಅಕ್ಕ ಗಾಲ್ವೇಯಲ್ಲಿ ಬಸುರಿ ಅಂದೆ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

1983ರ ಸೆಪ್ಟೆಂಬರ್ 7ಕ್ಕೆ ಅಲ್ಲಿ ಜನಮತ ನಡೆದಿತ್ತು. ಲೀನ್ ಬೆಂಗಳೂರಿಗೆ ಬಂದಿಳಿದ ಅದೇ ವರ್ಷ, ನೋಡಿ. ಹೊಟ್ಟೆಯೊಳಗಿನ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮಸಮ ಅಂತ ಸಂವಿಧಾನಕ್ಕೇ ಸೇರಿಸುವ ಎಂಟನೇ ತಿದ್ದುಪಡಿ. ನೂರಕ್ಕೆ 66.9 ಮಂದಿ ಹೌದು ಅಂದರು. ಆ ಹೌದುಗಳಲ್ಲಿ ಈಕೆಯದೂ ಒಂದು.

"ನನಗಾಗ ಮೂರು ಮಕ್ಕಳು. ಭಾನುವಾರ ಚರ್ಚಿನಲ್ಲಿ ಹೇಳಿದರು, ಬುಧವಾರ ಹೋಗಿ ಗುರುತು ಹಾಕಿ ಬಂದೆ. ಯಾರನ್ನಾದರೂ ಸಾಯಿಸಬೇಕು ಅಂತ ಹಾಕಲಿಲ್ಲ."

ನಾನೇನು ಹೇಳಲಿ? ಸೂಪು ಕುಡಿದೆ.

ಸವಿತಾ ಹೋದಮೇಲೆ ಡಬ್ಲಿನ್, ಗಾಲ್ವೇ ಬೀದಿಗಳಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ನಿಂತರು. 2013ರಲ್ಲಿ ತಾಯಿಯ ಪ್ರಾಣಕ್ಕೇ ಅಪಾಯವಿದ್ದರೆ ಅಂತ ಒಂದು ಕಾನೂನು ಬಂತು, ಅದು ಸಾಲದು ಅಂದರು. 2018ರ ಮೇ 25ಕ್ಕೆ ಮತ್ತೆ ಜನಮತ. ಹೊರದೇಶದಲ್ಲಿದ್ದವರಿಗೆ ಅಂಚೆ ಓಟಿಲ್ಲ, ಹಾಗಾಗಿ ಓಟು ಹಾಕಲೆಂದೇ ವಿಮಾನ, ಹಡಗು ಹತ್ತಿ ಬಂದರು. ಸವಿತಾರ ತಂದೆ ಕರ್ನಾಟಕದಿಂದಲೇ, ನನ್ನ ಮಗಳನ್ನು ನೆನೆದು ಓಟು ಹಾಕಿ ಅಂತ ಐರ್ಲೆಂಡಿನ ಜನಕ್ಕೆ ಮನವಿ ಮಾಡಿದ್ದರು. ನೂರಕ್ಕೆ 66.4 ಮಂದಿ ಆ ತಿದ್ದುಪಡಿ ತೆಗೆಯಿರಿ ಎಂದರು. 35 ವರ್ಷದ ಹಿಂದೆ ಎಷ್ಟು ಪಾಲು ಜನ ಬೇಕು ಅಂದಿದ್ದರೋ ಹೆಚ್ಚುಕಡಿಮೆ ಅಷ್ಟೇ ಪಾಲು ಈಗ ಬೇಡ ಅಂದರು! ಡನಿಗಾಲ್ ಒಂದು ಕ್ಷೇತ್ರ ಬಿಟ್ಟು ಉಳಿದೆಲ್ಲ ಕಡೆ ಗೆಲುವು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾರ ಮುಖ ಬರೆದಿದ್ದರು. ಓಟು ಹಾಕಿ ಬಂದವರು ಅದರ ಸುತ್ತ ಚೀಟಿ ಅಂಟಿಸಿದರು, ನೂರಾರು ಚೀಟಿ. ಕ್ಷಮಿಸು ಅಂತ ಬರೆದವರೇ ಬಹಳ. ಆಮೇಲೆ ಆ ಚೀಟಿಗಳನ್ನು ನಗರದ ಗ್ರಂಥಾಲಯದವರು ಎತ್ತಿಟ್ಟುಕೊಂಡರು.

"ಎರಡನೇ ಸಲ ಚರ್ಚಿಗೆ ಕೇಳಲು ಹೋಗಲಿಲ್ಲ," ಅಂದರು ಆಕೆ. "ಗಂಡನಿಗೂ ಹೇಳಲಿಲ್ಲ. ಗುರುತು ಹಾಕಿ ಬಂದು ಟೀ ಮಾಡಿದೆ. ಅವನೂ ಹಾಗೇ ಹಾಕಿದ್ದನಂತೆ, ಆರು ತಿಂಗಳಾದ ಮೇಲೆ ಗೊತ್ತಾಯಿತು."

ಬೆಳಿಗ್ಗೆ ಹೊರಡುವಾಗ ಬಾಡಿಗೆ ತಗೊಂಡರು. ಅದರಲ್ಲಿ ದಾಕ್ಷಿಣ್ಯವಿಲ್ಲ, ಇರಲೂ ಬಾರದು. ಆದರೆ ಕುರಿ ಉಣ್ಣೆಯ ಒಂದು ಪುಟ್ಟ ಟೋಪಿ ಕೈಗಿಟ್ಟರು, ಅಕ್ಕನ ಮಗುವಿಗೆ ಅಂತ. ಹೆಣೆದಿದ್ದು ಮೊಮ್ಮಗುವಿಗೆ, ಅದಕ್ಕೆ ಇನ್ನೊಂದು ಹೆಣೀತೀನಿ ಅಂದರು.

ಗಾಲ್ವೇಗೆ ವಾಪಸು ಬಂದ ಮೇಲೆ ಅಕ್ಕನ ಜೊತೆ ತಪಾಸಣೆಗೆ ಹೋದೆ. ಅದೇ ಆಸ್ಪತ್ರೆ. ಅಲ್ಲಿ ವಾಸವಿರುವ ಬಸುರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ತಪಾಸಣೆ, ಹೆರಿಗೆ ಎಲ್ಲ ಉಚಿತ. ಅಕ್ಕನ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬ ಮಲಯಾಳಿ ನರ್ಸಮ್ಮ ಇದ್ದಾರೆ. ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಕೇರಳದವರಿಲ್ಲದ ವಾರ್ಡು ಹುಡುಕಬೇಕು ಬಿಡಿ. ಕಾನೂನೊಂದೇ ಸವಿತಾರನ್ನು ಕೊಂದಿದ್ದಲ್ಲ, ಅದನ್ನೂ ಬರೀರಿ ಅಂದರು ಆಕೆ. ನಿಜ. ನಂಜೇರುತ್ತಿದೆ ಅಂತ ತೋರಿಸುವ ಲಕ್ಷಣಗಳು ಕಣ್ಣೆದುರಿದ್ದವು. ಆರೋಗ್ಯ ಗುಣಮಟ್ಟದ ಪ್ರಾಧಿಕಾರ 2013ರಲ್ಲಿ ಕೊಟ್ಟ ವರದಿಯಲ್ಲಿ, ಉಳಿಸಬಹುದಾಗಿದ್ದ 13 ಅವಕಾಶ ಕೈಬಿಟ್ಟಿದ್ದಾರೆ ಅಂತ ಎಣಿಸಿ ಬರೆದಿದೆ. ಅದೇ ವರ್ಷದಿಂದ ಬಸುರಿ ಬಾಣಂತಿಯರಿಗೆಂದೇ ಒಂದು ಎಚ್ಚರಿಕೆಯ ಚಾರ್ಟು ದೇಶಕ್ಕೆಲ್ಲ ಬಂತು. ಜ್ವರ, ನಾಡಿ, ಉಸಿರು, ರಕ್ತದೊತ್ತಡ ಬರೆಯುತ್ತಾ ಹೋಗುವುದು. ಅಂಕಿ ಹಳದಿಗೋ ಗುಲಾಬಿ ಬಣ್ಣಕ್ಕೋ ಬಿದ್ದರೆ ನರ್ಸು ಡಾಕ್ಟರನ್ನು ಕರೆಯಲೇಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ.

ನಮ್ಮಲ್ಲಿ ಗರ್ಭಪಾತದ ಕಾನೂನು 1971ರಲ್ಲೇ ಆಯಿತು. ಐರ್ಲೆಂಡಿನಲ್ಲಿ ಜಾರಿಗೆ ಬಂದದ್ದು 2019ರ ಜನವರಿಗೆ. ಈ ಲೆಕ್ಕದಲ್ಲಿ ನಾವೇ ಮುಂದು ಅಂತ ಎದೆ ತಟ್ಟಿಕೊಳ್ಳೋಣ ಅಂದರೆ ಅಕ್ಕನ ಬಳ್ಳಾರಿ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ.

ಆ ರಾತ್ರಿ ದೊಡ್ಡಮ್ಮನಿಗೆ ವಿಡಿಯೋ ಹಾಕಿ ಎಲ್ಲ ಒಪ್ಪಿಸಿದೆ. ಬಸ್ಸಿನ ಥ್ಯಾಂಕ್ಸು, ಟೀ, ಜನಮತ, ಚಾರ್ಟು. ಜನಮತದ ಅಂಕಿಗೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಟೋಪಿಯನ್ನು ಕ್ಯಾಮೆರಾ ಹತ್ತಿರ ಹಿಡಿ ಅಂದರು. ಹೆಣಿಗೆ ನೋಡಿದರು, ತಿರುಗಿಸಿ ಹಿಡಿ ಅಂದರು, ಒಳಗಡೆಯ ಹೆಣಿಗೆಯನ್ನೂ ನೋಡಿದರು.

"ಓಟು ಹಾಕಿದ್ದಕ್ಕೆ ಆ ಅಜ್ಜಿ ಅತ್ತರೇನೋ?"

"ಅಳಲಿಲ್ಲ ದೊಡ್ಡಮ್ಮ. ಸೂಪು ಬಡಿಸಿದರು."

"ಹೂಂ..." ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಕ್ಕನನ್ನು ಕರೆದು, ತುಪ್ಪಕ್ಕೆ ಏನು ಮಾಡ್ತೀಯೇ ಅಂತ ಕೇಳಿದರು. ಅಕ್ಕ ಫ್ರಿಜ್ಜಿನಿಂದ ಕೆರ್ರಿಗೋಲ್ಡ್ ಬೆಣ್ಣೆಯ ಬಂಗಾರದ ಬಣ್ಣದ ಪ್ಯಾಕೆಟ್ ತೆಗೆದು ತೋರಿಸಿದಳು. ಹುಲ್ಲು ಮೇಯ್ದ ಹಸುವಿನ ಬೆಣ್ಣೆ. ಅವರೆದುರಿಗೇ ಕಾಯಿಸಿದಳು. ಇಳಿಸೇ, ಸೀದುಹೋಗುತ್ತೆ ಅಂತ ಬೆಳ್ಳಂದೂರಿನಿಂದ ಕೂಗಿದರು.

ಜನವರಿಯಲ್ಲಿ ಹೆಣ್ಣು ಮಗು. ಮೂರು ಕೆಜಿ ಇನ್ನೂರು ಗ್ರಾಂ. ತಾಯಿ ಮಗು ಕ್ಷೇಮ. ಟೋಪಿ ದೊಡ್ಡದಾಯಿತಂತೆ. ದೊಡ್ಡಮ್ಮ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾರೆ. ಫೋಟೋಗೆ ನಗಬಾರದು ಅಂದದ್ದಕ್ಕೆ ಸ್ಟುಡಿಯೋದವನ ಜೊತೆ ಜಗಳವೂ ಆಗಿದೆ.